‘ಇನ್ನೊಮ್ಮೆ’ ಎಂದ ಮೇಡಂ

ಗರ್ಭಿಣಿಯರಲ್ಲಿ ಯಕೃತ್ತನ್ನು ಕಾಡುವ ಹೆಪಟೈಟಿಸ್ ಬಿ ವೈರಾಣುವನ್ನು ಪತ್ತೆಹಚ್ಚುವ ಪರೀಕ್ಷೆಗಳನ್ನು ಅಕ್ಕಪಕ್ಕ ಇಟ್ಟು ತೂಗಿ ನೋಡಿದವರು ವಿರಳ. ಆ ವಿರಳರ ಸಾಲಿನಲ್ಲಿ, ಹೆರಿಗೆ ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥೆಯಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರದು ಅಗ್ರಸ್ಥಾನ. ಆಸ್ಪತ್ರೆಯೆಲ್ಲ ಬೆನ್ನ ಹಿಂದೆ ಅವರನ್ನು ಕರೆಯುವುದು ‘ಇನ್ನೊಮ್ಮೆ ಮೇಡಂ’ ಎಂದು. ಯಾವ ಫಲಿತಾಂಶ ತಂದರೂ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು ಅದು. ಈ ಅಡ್ಡಹೆಸರು ಅವರಿಗೆ ತಿಳಿಯದೆಂದು ನಂಬಿದ್ದ ನಮ್ಮದು ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಕಥೆ.

ಅವರು ಸೇವೆಗೆ ಸೇರಿದಾಗ ಇಲ್ಲಿದ್ದುದು ಕಾರ್ಡು ಪರೀಕ್ಷೆಯೊಂದೇ. ರಕ್ತದ ಹನಿ ಬಿಟ್ಟಾಗ ಎರಡನೇ ಗೆರೆ ಮೂಡಿದರೆ ಸೋಂಕು, ಮೂಡದಿದ್ದರೆ ಇಲ್ಲ. ವೈರಾಣು ಕಡಿಮೆಯಿದ್ದಾಗ ಕಾರ್ಡು ಮೋಸ ಮಾಡಬಹುದೆಂಬ ಶಂಕೆ ಮೇಡಂ ಅವರದು. ನಿಧಾನವಾದರೂ ಸೂಕ್ಷ್ಮವಾದ ಎಲೈಸಾ ಯಂತ್ರವನ್ನು ಕಾಡಿಬೇಡಿ ತರಿಸಿ, ಪ್ರತಿ ಗರ್ಭಿಣಿಯ ರಕ್ತವನ್ನೂ ಎರಡು ಬಗೆಯಲ್ಲಿ ನೋಡಿಸತೊಡಗಿದರು. ಒಬ್ಬರು ಕಂಡದ್ದು ಇನ್ನೊಬ್ಬರ ಕಣ್ಣು ಕೆಡಿಸಬಾರದೆಂದು ಎರಡು ಕೋಣೆ, ಇಬ್ಬರು ತಂತ್ರಜ್ಞರು. ಆ ಇಬ್ಬರೋ, ಗಂಡ ಹೆಂಡತಿ. ಒಂದೇ ಸ್ಕೂಟರಿನಲ್ಲಿ ಬಂದವರು ಬಾಗಿಲಲ್ಲಿ ಬೇರೆಯಾಗಿ, ಫಲಿತಾಂಶಗಳು ಮೇಡಂ ಮೇಜಿಗೆ ಬರುವ ತನಕ ಜೊತೆಗೆ ಚಹಾ ಕೂಡ ಕುಡಿಯುವಂತಿರಲಿಲ್ಲ.

ಒಂದು ಬೆಳಗ್ಗೆ, ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ಚೊಚ್ಚಲ ಹೆರಿಗೆಯ ನೋವು ತಿನ್ನುತ್ತ ಬಂದಳು. ಅವಳ ರಕ್ತ ನೋಡಿದ ನಮ್ಮ ತಂತ್ರಜ್ಞರಲ್ಲಿ ಗಂಡನ ಕಾರ್ಡು ಸೋಂಕಿಲ್ಲವೆಂದಿತು; ಹೆಂಡತಿಯ ಎಲೈಸಾ ಇದೆಯೆಂದಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಆದರೆ ಈ ಜಗಳ ಸಂಜೆಯೊಳಗೆ ತೀರಬೇಕಿತ್ತು. ತಾಯಿಗೆ ಸೋಂಕಿದ್ದರೆ, ಮಗು ಹುಟ್ಟಿದ ಕೂಡಲೇ ಲಸಿಕೆಯ ಜೊತೆಗೆ ಇನ್ನೊಂದು ರಕ್ಷಕ ಚುಚ್ಚುಮದ್ದೂ ಬೀಳಬೇಕು; ತಡವಾದರೆ ಸೋಂಕು ಮಗುವಿನಲ್ಲಿ ಜೀವಮಾನವಿಡೀ ನೆಲೆಸಬಹುದು. ಮೇಡಂ ಇನ್ನೊಮ್ಮೆ ಮಾಡಿಸಿದರು. ಕಾರ್ಡು ಮತ್ತೆ ಇಲ್ಲವೆಂದಿತು, ಎಲೈಸಾ ಮತ್ತೆ ಹೌದೆಂದಿತು.

“ಒಂದು ಇಲ್ಲ ಅಂತಿದೆಯಲ್ಲ, ಸುಮ್ನೆ ಯಾಕೆ ಆ ಮನೆಯವರನ್ನ ಹೆದರಿಸ್ತೀರಿ?” ಎಂದರು ಆಸ್ಪತ್ರೆಯ ಅಧೀಕ್ಷಕರು.

“ಯಂತ್ರ ನಂಬಿ ತಪ್ಪಾದ್ರೆ ಮಗು ಒಂದ್ಗಳಿಗೆ ಅಳುತ್ತೆ ಸಾರ್. ಕಾರ್ಡು ನಂಬಿ ತಪ್ಪಾದ್ರೆ ಅದರ ತಾಯಿ ಜನ್ಮಪೂರ್ತಿ ಅಳ್ತಾಳೆ. ಯಾವ ತಪ್ಪಿಗೆ ಸಹಿ ಹಾಕ್ತೀರಿ?”

ಅಧೀಕ್ಷಕರು ಚುಚ್ಚುಮದ್ದಿಗೆ ಸಹಿ ಹಾಕಿದರು. ಮೇಡಂ ತಾವೇ ವಾರ್ಡಿಗೆ ಹೋಗಿ, ಪರದೆ ಎಳೆದು, ಆ ಹೆಣ್ಣುಮಗಳಿಗೆ ವಿಷಯ ತಿಳಿಸಿದರು.

“ನಾನೇನು ತಪ್ಪು ಮಾಡ್ದೆ ಮೇಡಂ?”

“ನೀನೇನೂ ಮಾಡಿಲ್ಲ ಕಣಮ್ಮ. ನೀನು ಹುಟ್ಟುವಾಗ ನಿಮ್ಮಮ್ಮನಿಂದ ಬಂದಿರಬಹುದು. ಆಗ ಯಾರೂ ನೋಡಲಿಲ್ಲ. ನಿನ್ನ ಕೂಸಿಗೆ ನಾವಿದೀವಿ.”

ಸಂಜೆ ಹುಟ್ಟಿದ ಹೆಣ್ಣುಕೂಸು ಚುಚ್ಚಿದಾಗ ವಾರ್ಡೇ ಕಿತ್ತುಹೋಗುವಂತೆ ಅತ್ತಿತು. ತಾಯಿಯ ರಕ್ತ ದೊಡ್ಡ ಪ್ರಯೋಗಾಲಯಕ್ಕೆ ಹೋಗಿ, ಎಲೈಸಾ ನೋಡಿದ ಹೆಂಡತಿಯ ಫಲಿತಾಂಶವೇ ಸರಿಯೆಂದು ಬಂತು. ಗಂಡ ಮನೆಯಲ್ಲಿ ಅದನ್ನು ಇಂದಿಗೂ ಕೇಳಿಸಿಕೊಳ್ಳುತ್ತಿದ್ದಾರೆ. ಅಂದಿನಿಂದ ಕಾರ್ಡಿನ ‘ಇಲ್ಲ’ವೊಂದನ್ನೇ ನೆಚ್ಚಿ ಯಾವ ತಾಯಿಯನ್ನೂ ಇಲ್ಲಿಂದ ಕಳಿಸಿಲ್ಲ.

ವರ್ಷ ತುಂಬಿದ ಮೇಲೆ ಆ ಮಗುವಿನ ರಕ್ತವೂ ಎರಡು ಕೋಣೆಗಳಿಗೆ ಹೋಯಿತು. ಎರಡರಿಂದಲೂ ‘ಇಲ್ಲ’ ಬಂತು. ತಾಯಿ ಕಣ್ಣೊರೆಸಿಕೊಂಡು ಹೊರಡಲೆದ್ದಾಗ ಮೇಡಂ “ಇನ್ನೊಮ್ಮೆ” ಎಂದರು. ಅವಳ ಮುಖ ಬಿಳಿಚಿತು.

“ರಕ್ತ ಅಲ್ಲ ಕಣೇ. ಮಗೂನ ಇನ್ನೊಮ್ಮೆ ಕೊಡು, ಎತ್ಕೋತೀನಿ.”

ನಿವೃತ್ತಿಯ ನಂತರವೂ ವಾರಕ್ಕೊಮ್ಮೆ ಬಂದು ಹೊಸಬರ ಕೆಲಸ ತಿದ್ದಲು ಮೇಡಂ ಒಪ್ಪಿದ್ದಾರೆ, ಅದು ನಮ್ಮ ಭಾಗ್ಯ. ಅವರು ನೂರು ಕಾಲ ಆರೋಗ್ಯದಿಂದ ಬಾಳಲಿ. ಒಂದೇ ಸಲ ಹೇಳಿದ್ದನ್ನು ಅವರು ನಂಬುವವರಲ್ಲ. ಆದ್ದರಿಂದ ಇನ್ನೊಮ್ಮೆ: ನೂರು ಕಾಲ ಬಾಳಲಿ.