ಚಿಲಕವಿಲ್ಲದ ಬಾಗಿಲು

ಆ ದಿನ ಜಿಪ್ಪಕ್ಕನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹೊಲಿಗೆ ಯಂತ್ರದ ಪೆಡಲಿನ ಮೇಲಿಟ್ಟರೆ ಅಲ್ಲೇ ಕುಣಿಯುತ್ತಿತ್ತು, ನೆಲಕ್ಕಿಟ್ಟರೆ ನೆಲದಲ್ಲೂ ಕುಣಿಯುತ್ತಿತ್ತು. ಹಳೇ ಮಾರುಕಟ್ಟೆ ಕಟ್ಟಡದ ಎರಡನೇ ಮಹಡಿಯಲ್ಲಿ, ಮೆಟ್ಟಿಲ ಮಗ್ಗುಲಿಗೇ ಅವಳ ಅಂಗಡಿ. ಅಂಗಡಿ ಎಂದರೆ ಒಂದು ಯಂತ್ರ, ಒಂದು ಸ್ಟೂಲು, ಗೋಡೆಗೆ ನೇತುಹಾಕಿದ ಬಾಯಿಬಿಟ್ಟ ಬ್ಯಾಗುಗಳು. ಹಲ್ಲು ಉದುರಿದ ಜಿಪ್ಪು, ಕಚ್ಚಿಕೊಂಡ ರನ್ನರ್, ಕಿತ್ತುಹೋದ ಪಟ್ಟಿ, ಏನೇ ತಂದರೂ ಸಂಜೆಯೊಳಗೆ ಸರಿಮಾಡಿ ಕೊಡುವಳು. ಅದಕ್ಕೇ ಅವಳು ಎಲ್ಲರ ಬಾಯಲ್ಲಿ ಜಿಪ್ಪಕ್ಕ.

ಹುಟ್ಟಿದಾಗ ಮನೆಯವರು ಅವಳನ್ನು ಗಂಡುಮಗು ಎಂದೇ ಎತ್ತಿ ಆಡಿಸಿದ್ದರು. ತಾನು ಹೆಣ್ಣೆಂದು ಅವಳು ಬಾಯಿಬಿಟ್ಟು ಹೇಳಿದ ದಿನ ಅಪ್ಪ ಮುಖ ತಿರುಗಿಸಿದ. ಸೋದರಮಾವನೊಬ್ಬ ಮಾತ್ರ "ಏನಾದ್ರೂ ಆಗಿರು, ಕೈಯಲ್ಲೊಂದು ಕಸುಬಿರಲಿ" ಎಂದು ಜೊತೆಗೆ ಕೂರಿಸಿಕೊಂಡು ಸೂಟ್‌ಕೇಸ್ ರಿಪೇರಿ ಕಲಿಸಿದ. ಅವನು ತೀರಿಕೊಂಡ ಮೇಲೆ ಯಂತ್ರ ಅವಳ ಪಾಲಿಗೆ ಬಂತು.

ಆ ಮಹಡಿಯ ಹೆಂಗಸರ ಶೌಚಾಲಯಕ್ಕೆ ಒಳಚಿಲಕವಿರಲಿಲ್ಲ. ಯಾವತ್ತೋ ಮುರಿದದ್ದು. ಹೊಸದು ಹಾಕಿಸಿ ಎಂದು ಹೇಳಿ ಹೇಳಿ ಹೆಂಗಸರ ಬಾಯಿ ನೋಯಿತೇ ಹೊರತು ಅಂಗಡಿಕಾರರ ಸಂಘದ ಕಿವಿಗೆ ಬೀಳಲಿಲ್ಲ. ಬಾಗಿಲು ಒಳಮುಖವಾಗಿ ತಾನಾಗೇ ತೆರೆದುಕೊಳ್ಳುತ್ತಿದ್ದುದರಿಂದ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಹಿಡಿಕೆ ಎಳೆದು ಹಿಡಿದು ನಿಲ್ಲುವುದು ರೂಢಿಯಾಯಿತು. "ಬಾಗಿಲಿಗೆ ಬರ್ತೀಯೇನೇ?" ಎಂದರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಏಳಬೇಕು. ಜಗಳವಾಡಿ ಮಾತುಬಿಟ್ಟವರೂ ಬಾಗಿಲಿಗೆ ಬರುತ್ತಿದ್ದರು. ಜಿಪ್ಪಕ್ಕ ಹೊಸದಾಗಿ ಬಂದಾಗ ಅವಳನ್ನು ಮೊದಲು ಬಾಗಿಲಿಗೆ ಕರೆದವಳು, ಎಲ್ಲರೂ ಅತ್ತಿಗೆ ಎನ್ನುವ ಎದುರಿನ ದಾರ-ಗುಂಡಿ ಅಂಗಡಿಯವಳು.

ಈಚೆಗೆ ಟಿವಿ ಹಾಕಿದರೆ ಅದೇ ಚರ್ಚೆ. ಟ್ರಾನ್ಸ್‌ಜೆಂಡರ್ ಹೆಂಗಸರು ಯಾವ ಶೌಚಾಲಯಕ್ಕೆ ಹೋಗಬೇಕು ಎಂದು ಕೋಟು ಹಾಕಿದವರು ಎದ್ದೆದ್ದು ಕೂಗಾಡುತ್ತಿದ್ದರು. ಆ ಕೂಗು ಮೊಬೈಲಿಗೆ ಇಳಿದು, ಮೊಬೈಲಿನಿಂದ ಎರಡನೇ ಮಹಡಿಗೂ ಹತ್ತಿಬಂತು. ವರ್ಷಗಟ್ಟಲೆ ಏನೂ ಅನ್ನದಿದ್ದವರು ಈಗ ಅವಳು ಎದ್ದರೆ ತಲೆ ಎತ್ತಿ ನೋಡುವರು. ಬಾಗಿಲಿಗೆ ಕರೆದರೆ ಒಬ್ಬಳಿಗೆ ಗಿರಾಕಿ ಕಾಟ, ಇನ್ನೊಬ್ಬಳಿಗೆ ಮಂಡಿನೋವು. ಸಂಘಕ್ಕೆ ದೂರು ಕೊಟ್ಟವಳು ಅತ್ತಿಗೆಯೇ: ಶಾಲೆ ಬಿಟ್ಟ ಮೇಲೆ ಮಗಳು ಅಂಗಡಿಗೆ ಬರುತ್ತಾಳೆ, ಅವಳನ್ನು ಅಲ್ಲಿಗೆ ಕಳಿಸಲು ತನಗೆ ಧೈರ್ಯ ಸಾಲದು ಎಂದು.

ಜಿಪ್ಪಕ್ಕ ನೀರು ಕುಡಿಯುವುದನ್ನೇ ಬಿಟ್ಟಳು. ಉರಿಮೂತ್ರ ಶುರುವಾಗಿ, ಜ್ವರ ಏರಿ ಹಾಸಿಗೆ ಹಿಡಿದಳು. "ಇನ್ನೊಂದ್ಸಲ ಹೀಗೆ ತಡ್ಕೊಂಡ್ರೆ ಆಸ್ಪತ್ರೆಗೇ ಸೇರ್ಬೇಕಾಗತ್ತೆ" ಎಂದು ಡಾಕ್ಟರಮ್ಮ ಬೈದರು. ಇನ್ನು ಶೌಚಾಲಯಕ್ಕೆ ಬಿಟ್ಟರೆ ಅಂಗಡಿ ಉಂಟು, ಬಿಡದಿದ್ದರೆ ಯಂತ್ರ ಹೊತ್ತು ಹೋಗುವುದೇ.

ಅದನ್ನು ತೀರ್ಮಾನಿಸಲೆಂದೇ ಆ ಮಧ್ಯಾಹ್ನ ಸಂಘದ ಸಭೆ. ಕಾರಿಡಾರಿನ ತುಂಬ ಪ್ಲಾಸ್ಟಿಕ್ ಕುರ್ಚಿಗಳು. ಹೆಂಗಸರ ಶೌಚಾಲಯದ ಬಗ್ಗೆ ಮಾತಾಡಲು ಎದ್ದವರೆಲ್ಲ ಗಂಡಸರು.

"ಕೆಳಗೆ ಗೋಡೌನ್ ಪಕ್ಕ ಒಂದು ರೂಮಿದೆ. ಅದನ್ನೇ ಬಿಟ್ಟುಕೊಟ್ರಾಯ್ತು," ಎಂದ ಗಡಿಯಾರ ರಿಪೇರಿಯವ.

"ಅಲ್ಲಿ ನಲ್ಲಿ ಎಲ್ಲಿದೆಯೋ ಮಾರಾಯಾ? ಇಲಿ ಬಿಟ್ರೆ ಯಾರೂ ಹೋಗಲ್ಲ," ಎಂದ ಚಪ್ಪಲಿ ಅಂಗಡಿಯವ.

"ಹಂಗಾದ್ರೆ ಗಂಡಸರ ಕಡೆ ಬರ್ಲಿ, ನಮಗೇನು?"

"ನೀನು ಹೋದ್ರೆ ಬಾಗಿಲು ಹಾಕೋದೇ ಇಲ್ಲ. ಅಲ್ಲಿಗೆ ಅವಳು ಬರ್ಬೇಕಾ?"

ಎಲ್ಲರೂ ನಕ್ಕರು. ಕನ್ನಡಕದ ಅಂಗಡಿಯ ದೊಡ್ಡಪ್ಪ ಸಂಘದ ಕಾರ್ಯದರ್ಶಿ. ಅವರು ಮೇಜು ತಟ್ಟಿದರು. "ನಗೋ ವಿಷಯ ಅಲ್ಲ ಇದು. ಹೆಣ್ಣುಮಕ್ಕಳ ಮಾನದ ಪ್ರಶ್ನೆ."

"ಹಂಗಾದ್ರೆ ಮೊದ್ಲು ಚಿಲಕ ಹಾಕಿಸಪ್ಪಾ," ಎಂದಳು ಮೂಲೆಯಲ್ಲಿದ್ದ ಇಸ್ತ್ರಿ ಅಜ್ಜಿ.

"ಅದು ಮುಂದಿನ ಸಭೆಗೆ, ಅಜ್ಜಿ."

ಅವರು, ಅಂಥವರು, ಇಂಥವರು ಎಂದು ಮಾತು ಸುತ್ತುತ್ತಲೇ ಇತ್ತು. ಜಿಪ್ಪಕ್ಕನಿಗೆ ಕಿಬ್ಬೊಟ್ಟೆಯಲ್ಲಿ ಕಾದ ಸೂಜಿ ಆಡಿಸಿದಂತಾಯಿತು. ಸೀಟಿನ ತುದಿಗೆ ಸರಿದಳು, ಹಿಂದಕ್ಕೆ ಜರುಗಿದಳು, ಕಾಲ ಮೇಲೆ ಕಾಲು ಹಾಕಿದಳು. ಕೊನೆಗೆ ಎದ್ದೇ ನಿಂತಳು.

"ಕೂತ್ಕೋ ಜಿಪ್ಪಕ್ಕಾ. ತೀರ್ಮಾನ ಆಗೋವರೆಗೂ ತಾಳು," ಎಂದರು ದೊಡ್ಡಪ್ಪ.

"ನಾನೇನೋ ತಾಳ್ತೀನಿ ದೊಡ್ಡಪ್ಪಾ. ಇದು ತಾಳಲ್ಲ."

ಯಾರೋ ಕಿಸಕ್ಕೆಂದರು. ಅವಳು ಹಿಂದೆ ನೋಡದೆ ಹೋಗಿ ಒಳಗೆ ನುಗ್ಗಿ ಬಾಗಿಲು ದೂಡಿದಳು. ಅದು ಮುಚ್ಚಿತು, ಮತ್ತೆ ಮೆಲ್ಲಗೆ ಬಾಯಿಬಿಟ್ಟಿತು. ಕೈ ಒತ್ತಿ ಹಿಡಿದರೆ ಕೂರಲಾಗದು, ಕೂತರೆ ಬಾಗಿಲು ಕೈಗೆಟುಕದು. ಸಂದಿಯಲ್ಲಿ ಕುರ್ಚಿಗಳ ಕಾಲು, ಬೂಟುಗಳ ಸಾಲು ಕಂಡವು. ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ಚಪ್ಪಲಿಯ ಸದ್ದು ಇತ್ತಲೇ ಬಂತು. ಎಳೆದು ಹಾಕಲು ಬಂದರೇ?

ಬಾಗಿಲು ದಡಾರನೆ ಮುಚ್ಚಿಕೊಂಡಿತು. ಮತ್ತೆ ತೆರೆಯಲಿಲ್ಲ.

"ಬೇಗ ಮುಗಿಸು," ಎಂದಿತು ಹೊರಗಿನ ದನಿ.

"ಅತ್ತಿಗೇ, ನೀವಾ?"

"ನಾನೇ. ನಿನ್ನ ಕಡೆಗೆ ಸೇರಿದೆ ಅಂತ ತಿಳ್ಕೋಬೇಡ. ಮಗಳ ವಿಷಯ ಬಂದ್ರೆ ನನಗಿನ್ನೂ ಭಯಾನೇ. ಆದ್ರೆ ಅಷ್ಟು ಜನ ಗಂಡಸರ ಎದುರು ಈ ಬಾಗಿಲು ತೆರೆದಿದ್ರೆ ನೋಡ್ಕೊಂಡು ಕೂರೋಕಾಗಲ್ಲ."

ಜಿಪ್ಪಕ್ಕನಿಗೆ ಹಗುರಾಯಿತು. ಹಗುರಾದ ಮೇಲೆ ಸಿಟ್ಟು ಬಂತು. "ಇಷ್ಟು ವರ್ಷ ನಿಮ್ಮ ಬಾಗಿಲು ಹಿಡಿದಿದ್ದೀನಿ. ಒಂದು ದಿನ ಕೈ ಸಡಿಲ ಬಿಟ್ಟಿದ್ದೀನಾ? ನನ್ನ ಕಂಡ್ರೆ ಏನು ಭಯ?"

ಹೊರಗಡೆ ಹಿಡಿಕೆ ಕಿರುಗುಟ್ಟಿತು.

ಕೈತೊಳೆದು ಅವಳು ಹೊರಬಂದರೆ ಅತ್ತಿಗೆ ಮುಖ ಕೊಡದೆ, ನಿಂತಲ್ಲೇ ಕಾಲು ಬದಲಿಸುತ್ತಿದ್ದಳು. "ಸರಿ, ಹಿಡ್ಕೋ," ಎಂದು ಒಳಗೆ ನುಗ್ಗಿದಳು. "ಸಭೆ ಶುರುವಾದಾಗಿಂದ ತಡ್ಕೊಂಡಿದ್ದೀನಿ. ಆ ಗಂಡಸರ ಮಧ್ಯೆ ಒಬ್ಬಳೂ ನನ್ನ ಜೊತೆ ಏಳಲಿಲ್ಲ."

ಜಿಪ್ಪಕ್ಕ ಹಿಡಿಕೆ ಎಳೆದು ನಿಂತಳು. ಅದೇ ಹೊತ್ತಿಗೆ ಕಾರಿಡಾರಿನಿಂದ ದೊಡ್ಡಪ್ಪನ ಕೂಗು. "ತೀರ್ಮಾನ ಹೇಳ್ತೀನಿ, ಎಲ್ರೂ ಕೇಳಿ! ಎಲ್ಲಿ ಜಿಪ್ಪಕ್ಕ?"

ಅವಳ ಕಾಲು ಅತ್ತ ಎಳೆಯಿತು. ಕೈ ಬಿಡುವಂತಿರಲಿಲ್ಲ.

"ಇರಿ ದೊಡ್ಡಪ್ಪಾ, ಬಾಗಿಲಲ್ಲಿದ್ದೀನಿ!"

"ಒಳಗೆ ಯಾರು?"

"ನಾನು!" ಒಳಗಿನಿಂದಲೇ ಅತ್ತಿಗೆ ಕಿರುಚಿದಳು. "ನಾವು ಬರೋವರೆಗೂ ಒಂದು ಮಾತು ಹೇಳ್ಕೂಡದು!"

ಕುರ್ಚಿಗಳು ಸರಿದಾಡಿದವು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಹೇಳಿಬಿಡುತ್ತಾರೋ, ಕಾಯುತ್ತಾರೋ. ಜಿಪ್ಪಕ್ಕ ಕಿವಿಯನ್ನು ಅತ್ತ ಕೊಟ್ಟು, ಹಿಡಿಕೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.