ಜಿಲೇಬಿ ಹಂಚಿದ ನೆಗೆಟಿವ್

೨೦೨೩ರ ಆಗಸ್ಟ್ ೧೭, ಗುರುವಾರ. ಆಧಾರ: ನನ್ನ ದಿನಚರಿ. ತಾಳೆ ನೋಡಿದ್ದು ಪ್ರಯೋಗಾಲಯದ ವರದಿಯೊಂದಿಗೆ. ಅದು ಮುದ್ರಣವಾದದ್ದು ಹದಿನಾರರಂದು, ನಮ್ಮ ಕೈಸೇರಿದ್ದು ಮರುದಿನ. ಗೋಡೆಯ ಪಂಚಾಂಗವೂ ಒಪ್ಪುತ್ತದೆ: ಅಧಿಕ ಮಾಸ ಕಳೆದು ನಿಜ ಶ್ರಾವಣ ಹಿಡಿದ ದಿನವದು. ಕ್ಯಾನ್ಸರ್ ಕೋಶಗಳ ಜೀನುಗಳನ್ನು ಓದುವ ಕೆಲಸದಿಂದ ನಿವೃತ್ತನಾಗಿ ಸೇಡಂಗೆ ಬಂದು ನೆಲೆಸಿದ ಮೇಲೂ ತಾರೀಖುಗಳ ಚಟ ನನ್ನನ್ನು ಬಿಟ್ಟಿಲ್ಲ.

ಆ ದಿನ ಶಹಾಬಾದಿನಲ್ಲಿ ನನ್ನ ಅಕ್ಕನ ಗಂಡ ಓಣಿಗೆಲ್ಲ ಜಿಲೇಬಿ ಹಂಚಿದರು.

ಅಕ್ಕನಿಗೆ ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಜನ್ಮದಲ್ಲಿ ಬೀಡಿಯ ಹೊಗೆ ಕುಡಿದವಳಲ್ಲ. ನಮ್ಮ ಕಡೆಯ ಅಂಥ ಹೆಂಗಸರಲ್ಲಿ ಈ ರೋಗ ಕಂಡಾಗ, ಕ್ಯಾನ್ಸರ್ ಕೋಶದೊಳಗಿನ ಒಂದು ನಿರ್ದಿಷ್ಟ ಜೀನು ಕೆಟ್ಟಿರುವುದು ಅಪರೂಪವಲ್ಲ. ಆ ಕೇಡು ಪತ್ತೆಯಾದರೆ ಅದನ್ನೇ ಗುರಿಯಿಟ್ಟು ತಡೆಯುವ ಮಾತ್ರೆಯಿದೆ. ದಿನಕ್ಕೊಂದು ನುಂಗಿ ಮನೆಯಲ್ಲೇ ಇರಬಹುದು. ಪತ್ತೆಯಾಗದಿದ್ದರೆ ಸಲಾಯಿನ್ ಬಾಟಲಿಯ ಕಿಮೊ, ಮತ್ತೆ ಮತ್ತೆ ಹೈದರಾಬಾದಿನ ಪ್ರಯಾಣ. ಮಾತ್ರೆಯಾದರೆ ನುಂಗುವೆ, ಬಾಟಲಿಯಾದರೆ ಒಲ್ಲೆ ಎಂದು ಅಕ್ಕ ಮೊದಲೇ ತೀರ್ಪು ಕೊಟ್ಟಿದ್ದಳು. ಹೀಗಾಗಿ ಅವಳು ಇನ್ನೆಷ್ಟು ದಿನ ಬದುಕುವಳೆಂಬುದು ಆ ಕಾಗದದ ಒಂದೇ ಶಬ್ದದ ಮೇಲೆ ನಿಂತಿತ್ತು.

ಶಬ್ದ ‘ನೆಗೆಟಿವ್’ ಎಂದಿತ್ತು.

ಸಂಜೆ ನಾನು ತಲುಪಿದಾಗ ಭಾವ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದರು. “ಬರ್ರಿ ಸಾಹೇಬ್ರ, ಬಾಯಿ ಸಿಹಿ ಮಾಡ್ರಿ. ನಿಮ್ಮ ಅಕ್ಕಂದು ನೆಗೆಟಿವ್ ಬಂದದ.”

“ನೆಗೆಟಿವ್ ಬಂದ್ರ ಚಿಂತಿ ಮಾಡಬೇಕ್ರಿ,” ಎಂದೆ.

“ಕರೋನಾದಾಗ ನೆಗೆಟಿವ್ ಬಂದ್ರ ನಕ್ಕೀವಲ್ರಿ?”

“ಅದು ಬ್ಯಾರೆ, ಇದು ಬ್ಯಾರೆ.”

“ರೋಗಕ್ಕೊಂದೊಂದು ಇಂಗ್ಲಿಷ್ ಇರ್ತದೇನ್ರಿ?” ಎಂದರು. ತಾಟು ಮಾತ್ರ ಕೆಳಗಿಳಿಯಲಿಲ್ಲ.

ಕನ್ನಡಕ ಏರಿಸಿ ವರದಿಯ ಅಡಿಯ ಸಣ್ಣ ಅಕ್ಷರಗಳನ್ನು ಓದಿದೆ. ಪರೀಕ್ಷೆಗೆಂದು ಗಡ್ಡೆಗೆ ಸೂಜಿ ಚುಚ್ಚಿ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಕೋಶಗಳು ತೀರ ಕಡಿಮೆ. ಉಳಿದದ್ದು ನಾರು ಮತ್ತು ಉರಿಯೂತದ ಕೋಶಗಳು. ಆದ್ದರಿಂದ ಜೀನಿನ ಕೇಡು ಇಲ್ಲವೆಂದು ಖಚಿತವಾಗಿ ಹೇಳಲಾಗದು. ಮತ್ತೊಂದು ಚೂರು ತೆಗೆಯುವುದು ಒಳಿತು. ಗಡ್ಡೆಯೆಂದರೆ ಕ್ಯಾನ್ಸರ್ ಕೋಶಗಳ ಮುದ್ದೆಯಷ್ಟೇ ಅಲ್ಲ. ಅದರ ಸುತ್ತ ರಕ್ತನಾಳ, ನಾರು, ಕಾವಲಿನ ಕೋಶಗಳು ಸೇರಿ ಒಂದು ಊರೇ ಕಟ್ಟಿಕೊಂಡಿರುತ್ತದೆ. ಸೂಜಿ ಯಾರ ಮನೆ ಹೊಕ್ಕಿತೋ ಅವರ ಜಾತಕವೇ ವರದಿಯಾಗಿ ಬರುತ್ತದೆ.

“ಇನ್ನೊಮ್ಮೆ ಸೂಜಿ ಏನು? ನಾ ಒಲ್ಲೆ,” ಎಂದಳು ಅಕ್ಕ. ಅವತ್ತಿನ ದಿನಚರಿ ಅಲ್ಲಿಗೇ ಮುಗಿದಿದೆ.

ಇಪ್ಪತ್ತರಂದು, ಭಾನುವಾರ, ಮತ್ತೆ ಹೋದೆ. ಅಕ್ಕನನ್ನು ಒಪ್ಪಿಸಲೆಂದು ರೈಲಿನುದ್ದಕ್ಕೂ ಒಂದು ಉಪನ್ಯಾಸ ಸಿದ್ಧಪಡಿಸಿಕೊಂಡಿದ್ದೆ: ಸೇಡಂನ ಕರಿ ನೆಲದಲ್ಲಿ ಬಿತ್ತಿದ ತೊಗರಿ ಬೀಜವನ್ನೇ ಚಿಂಚೋಳಿ ಕಡೆಯ ಕೆಂಪು ನೆಲದಲ್ಲಿ ಬಿತ್ತಿದರೆ ಬೆಳೆ ಒಂದೇ ತೆರನಾಗಿ ಬರುವುದಿಲ್ಲ, ಹಾಗೆಯೇ ಜೀನಿನ ಕೇಡು ಒಂದೇ ಆದರೂ ಮೈ ಬೇರೆಯಾದರೆ ರೋಗದ ನಡೆ ಬೇರೆ, ಮದ್ದಿನ ಫಲವೂ ಬೇರೆ. ಅಕ್ಕ ಒಲೆಯ ಮುಂದಿನಿಂದ ತಿರುಗದೆ ಹೇಳಿದಳು: “ತಮ್ಮಾ, ನಿನ್ನ ತೊಗರಿ ಕುದಿಯೂದ್ರಾಗ ನನ್ನ ರೊಟ್ಟಿ ಹೊತ್ತಿ ಹೋಗ್ತಾವ.”

ಭಾವ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಊರೂರಿನ ಮನೆಗಳ ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಪದರ ಪದರವಾಗಿ ಎಬ್ಬಿಸಿದ ಕೈ ಅವರದು. ಈಗ ಅವರು ಬಾಯಿ ತೆರೆದರು. “ಅಂಚಿನ ಕಲ್ಲು ಒಡದು ನೋಡಿ, ಫರ್ಸಿ ಇಲ್ಲಂತ ಯಾರರ ಖಣಿ ಮುಚ್ಯಾರೇನು? ಅಂಚಿನ್ಯಾಗ ಬರೇ ಮಣ್ಣು, ಕಚರಾ. ಛಲೋ ಪದರ ಒಳಗ ಇರ್ತದ.”

“ಅಂದ್ರ ನಾ ಖಣಿ ಏನು?” ಎಂದು ಅಕ್ಕ ಥಟ್ಟನೆ ತಿರುಗಿದಳು.

“ನಲವತ್ತೆಂಟು ವರ್ಷ ಆತು ತೋಡಾಕತ್ತು. ಇನ್ನಾ ತಳ ಸಿಕ್ಕಿಲ್ಲ.”

ಅಕ್ಕ ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. “ಆತು, ತೆಗಸ್ರಿ,” ಎಂದಳು. ನನ್ನ ಇಡೀ ವೃತ್ತಿಜೀವನದ ಸಾರವನ್ನು ಒಬ್ಬ ಮೇಸ್ತ್ರಿ ಮೂರು ವಾಕ್ಯದಲ್ಲಿ ಮುಗಿಸಿದ್ದರು, ಅದೂ ಹೆಂಡತಿಯನ್ನು ಒಪ್ಪಿಸಿ.

ಇಪ್ಪತ್ನಾಲ್ಕರಂದು ಹೈದರಾಬಾದಿನಲ್ಲಿ ಎರಡನೆಯ ಚೂರು ತೆಗೆದರು. “ಡಾಕ್ಟ್ರ, ಅಂಚು ಬಿಟ್ಟು ತೆಗೀರಿ,” ಎಂದು ಭಾವ ಆ ತಜ್ಞರಿಗೆ ಸಲಹೆ ಕೊಟ್ಟರು. ಕನ್ನಡ ತಿಳಿಯದ ಆ ಪುಣ್ಯಾತ್ಮರು ಗಂಭೀರವಾಗಿ ತಲೆಯಾಡಿಸಿದರು.

ಸೆಪ್ಟೆಂಬರ್ ೧೧, ಸೋಮವಾರ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಕೂತಿದ್ದಾಗ ವರದಿ ಫೋನಿಗೆ ಬಂತು. ತಕ್ಷಣ ಶಹಾಬಾದಿಗೆ ಫೋನು ಹಚ್ಚಿ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಕೂಗಿದೆ: “ಪಾಸಿಟಿವ್ ಬಂದದ, ಪಾಸಿಟಿವ್.” ಬೆಂಚು ಖಾಲಿಯಾಯಿತು. ಹೆಣ್ಣುಮಗಳೊಬ್ಬಳು ಸೆರಗನ್ನು ಮೂಗಿನ ಮೇಲೆಳೆದುಕೊಂಡಳು.

“ಇದು ಛಲೋ ಪಾಸಿಟಿವ್ ರಿ,” ಎಂದು ಸಮಾಧಾನಪಡಿಸಲು ಹೋದೆ.

“ಛಲೋ ಪಾಸಿಟಿವ್ ಬ್ಯಾರೆ ಬಂದದೇನು ಈಗ?” ಎಂದರೊಬ್ಬರು. “ಆ ಕಡೀಗಿ ನಿಂದರ್ರಿ ಯಜಮಾನ್ರ.”

ಹಾರುತ್ತಿದ್ದ ಮನಸ್ಸಿನಲ್ಲಿ ಎದುರಿಗೆ ನಿಂತ ಗಾಡಿ ಹತ್ತಿದೆ. ಅದು ಬಂದ ದಾರಿಗೇ ಹೊರಟಿತ್ತು. ಚಿತ್ತಾಪುರದಲ್ಲಿ ಇಳಿದು, ಹೊಸದಾಗಿ ಟಿಕೆಟು ತೆಗೆಸಿ, ಶಹಾಬಾದು ಮುಟ್ಟುವಷ್ಟರಲ್ಲಿ ಎರಡನೆಯ ಸುತ್ತಿನ ಜಿಲೇಬಿ ಅರ್ಧ ಓಣಿ ದಾಟಿತ್ತು. ಪಕ್ಕದ ಮನೆಯಾಕೆ ಮಾಸ್ಕ್ ಹಾಕಿಕೊಂಡು, ಕೈಯನ್ನಷ್ಟೇ ಗೋಡೆಯಾಚೆಯಿಂದ ಚಾಚಿದ್ದರು. “ನೆಗೆಟಿವ್ ಬಂದ್ರೂ ಜಿಲೇಬಿ, ಪಾಸಿಟಿವ್ ಬಂದ್ರೂ ಜಿಲೇಬಿ. ಏನು ಬಂದ್ರ ಅಳ್ತೀರಿ ನಿಮ್ಮ ಮನಿಯಾಗ?”

“ಜಿಲೇಬಿ ತೀರಿದ್ರ,” ಎಂದಳು ಅಕ್ಕ.

ಮಾತ್ರೆ ಶುರುವಾಯಿತು. ಡಿಸೆಂಬರಿನ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು. ಕ್ಯಾನ್ಸರ್ ಒಂದು ದಿನ ಆ ಮಾತ್ರೆಯನ್ನೂ ದಾಟಲು ಕಲಿತೀತೆಂದು ನನಗೆ ಗೊತ್ತು, ಅಕ್ಕನಿಗೂ ಹೇಳಿದ್ದೇನೆ. “ಅದು ಕಲೀಲಿ, ಅಷ್ಟರಾಗ ನೀ ಮತ್ತೊಂದು ಓದಿಟ್ಟಿರು,” ಎಂದಿದ್ದಾಳೆ.

ಈ ಬರಹದ ತಾರೀಖುಗಳನ್ನು ತಾಳೆ ನೋಡಲೆಂದು ಮೊನ್ನೆ ಫೋನಿನ ಹಳೆಯ ಸಂದೇಶಗಳನ್ನು ತೆರೆದೆ. ಆಗಸ್ಟ್ ೧೮, ಶುಕ್ರವಾರ, ಬೆಳಿಗ್ಗೆ ೬.೪೦ಕ್ಕೆ ಅಕ್ಕ ಕಳಿಸಿದ ಧ್ವನಿ ಸಂದೇಶವೊಂದಿದೆ. ನಾನದನ್ನು ಕೇಳಿರಲೇ ಇಲ್ಲ: “ತಮ್ಮಾ, ಇನ್ನೊಂದು ಚೂರು ತೆಗಸೂದು ಖರೇ. ನಾ ರಾತ್ರೀನೇ ಒಪ್ಪೀನಿ. ಆದ್ರ ನಾ ಒಪ್ಪೀನಂತ ನಿಮ್ಮ ಭಾವಗ ಹೇಳಬ್ಯಾಡ. ಸೂಜಿ ಅಂದ್ರ ನನಗಿಂತ ಅವರೇ ಭಾಳ ಹೆದರ್ತಾರ. ಒಂದೆರಡು ದಿನ ಒಲ್ಲೆ ಅಂತೀನಿ. ನನ್ನ ಒಪ್ಪಸ್ಲಿಕ್ಕ ಹೋಗಿ ಅವರಿಗೇ ಧೈರ್ಯ ಬರ್ಲಿ.”

ದಿನಚರಿಯಲ್ಲಿ ಇಪ್ಪತ್ತನೆಯ ತಾರೀಖಿನ ಕೆಳಗೆ, ನನ್ನದೇ ಕೈಬರಹದಲ್ಲಿ, ‘ಭಾವನ ಮಾತು ಕೇಳಿ ಅಕ್ಕ ಮನಸ್ಸು ಬದಲಿಸಿದಳು’ ಎಂದಿದೆ.