ಐವತ್ತೈದಕ್ಕೆ ಬೇಕಾಗಿದ್ದ ಮನೆ

ನನಗೆ ಮುಪ್ಪಿನ ಯೋಚನೆ ಹತ್ತಿದ್ದು ಇಪ್ಪತ್ತನೆಯ ವಯಸ್ಸಿನಲ್ಲಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಎಸ್ಸೆಸ್ಸೆಲ್ಸಿ ಪಾಸಾಗಿ, ಕಾಲೇಜಿಗೆ ಹೋಗಲಾಗದೆ, ವಾಮದಪದವಿನ ನಮ್ಮ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದೆ. ಒಂದು ಶನಿವಾರ ಕಟ್ಟಿದ ಬೀಡಿ ಒಪ್ಪಿಸಲು ಬೀಡಿ ಕಂಪೆನಿಯ ಬ್ರಾಂಚಿಗೆ ಹೋದಾಗ ಗುಮಾಸ್ತ ಶೀನಪ್ಪಣ್ಣ, "ಇನ್ನು ಮಜೂರಿಯಲ್ಲಿ ಪಿಎಫ್ ಅಂತ ಸ್ವಲ್ಪ ಹಿಡಿತಾರೆ. ಧಣಿಗಳೂ ಅಷ್ಟೇ ಹಾಕ್ತಾರೆ. ನಿಮಗೆ ಐವತ್ತೈದು ಆಗುವಾಗ ಒಟ್ಟಿಗೆ ಸಿಗ್ತದೆ" ಎಂದರು.

ಫಾರಮ್ಮಿನ ಮೇಲೆ 'ಭವಿಷ್ಯ ನಿಧಿ' ಎಂದಿತ್ತು. ನಮ್ಮ ಕಡೆ ಭವಿಷ್ಯ ಎಂದರೆ ಜೋಯಿಸರು ಕವಡೆ ಹಾಕಿ ಹೇಳುವುದು, ನಿಧಿ ಎಂದರೆ ನೆಲದಡಿಯಲ್ಲಿ ಸರ್ಪ ಕಾಯುವುದು. ಎರಡನ್ನೂ ಕಣ್ಣಾರೆ ಕಂಡವರಿಲ್ಲ. ಹಾಗಾಗಿ ಬೀಡಿ ಕಟ್ಟುವ ಹೆಂಗಸರಿಗೆ ಆ ಹೆಸರಿನ ಮೇಲೆ ಅಷ್ಟೇನೂ ನಂಬಿಕೆ ಹುಟ್ಟಲಿಲ್ಲ. ನನಗೋ ನನ್ನ ಅಕ್ಷರ ದುಂಡಗಿದೆ ಎಂಬ ಜಂಬ. ಎಲ್ಲರ ಫಾರಮ್ಮನ್ನೂ ನಾನೇ ತುಂಬಲು ಕುಳಿತೆ.

ಪಕ್ಕದ ಮನೆಯ ಲೀಲಾಳ ಸರದಿ ಬಂತು. ಅಪ್ಪ ಅಮ್ಮ ತೀರಿಹೋಗಿ ಸೋದರಮಾವನ ಮನೆಯಲ್ಲಿ ಬೆಳೆದವಳು. ದಿನವೂ ಬೀಡಿಯೆಲೆಯ ತಡ್ಪೆ, ಅಂದರೆ ಮೊರ, ಹಿಡಿದುಕೊಂಡು ನಮ್ಮ ಜಗಲಿಗೇ ಬಂದು ಕೂರುತ್ತಿದ್ದಳು.

"ನೀನು ಸತ್ತರೆ ಹಣ ಯಾರಿಗೆ?" ಎಂದು ಫಾರಮ್ಮಿನ ಪರವಾಗಿ ಕೇಳಿದೆ.

"ನಿನಗೆ."

"ಮಾವನ ಹೆಸರು ಬರೆಯುವ ಮಾರಾಯ್ತಿ."

"ಮಾವನಿಗೆ ಬದುಕಿರುವಾಗಲೇ ಕೊಡ್ತಾ ಇದ್ದೇನಲ್ಲ. ಸತ್ತ ಮೇಲೂ ಕೊಡ್ಬೇಕಾ?"

ಶೀನಪ್ಪಣ್ಣ ನಕ್ಕು, ಸಂಬಂಧದ ಜಾಗದಲ್ಲಿ 'ಸ್ನೇಹಿತೆ' ಎಂದು ಬರೆಯಲು ಹೇಳಿದರು. ನನ್ನ ಫಾರಮ್ಮಿನಲ್ಲಿ ಆಗಲೇ ಅಮ್ಮನ ಹೆಸರು ಬರೆದಾಗಿತ್ತು. ಲೀಲಾ ಅದನ್ನು ನೋಡಿದಳು.

ಆಮೇಲೆ ನಮ್ಮ ಮಾತೆಲ್ಲ ಐವತ್ತೈದರ ಮೇಲೆಯೇ. ಮೂಡುಬಿದಿರೆಯಲ್ಲಿ ಇಬ್ಬರಿಗೇ ಒಂದು ಬಾಡಿಗೆಮನೆ. ಅಲ್ಲಿ ಲೈಬ್ರರಿ ಉಂಟೆಂದು ನನಗೆ, ಟಾಕೀಸು ಉಂಟೆಂದು ಅವಳಿಗೆ ಆ ಊರು ಇಷ್ಟ. ಹೊಗೆಸೊಪ್ಪಿನ ವಾಸನೆ ಮಾತ್ರ ಹೊಸ್ತಿಲು ದಾಟಬಾರದು. ಅಂಗಳದಲ್ಲಿ ಬಾವಿ ಬೇಕೆಂದು ಅವಳು, ನಲ್ಲಿ ಬೇಕೆಂದು ನಾನು. ಇಲ್ಲದ ಮನೆಯ ಇಲ್ಲದ ನೀರಿಗಾಗಿ ಒಮ್ಮೆ ಎರಡು ದಿನ ಮಾತು ಬಿಟ್ಟಿದ್ದೆವು.

ನಾಲ್ಕು ವರ್ಷ ಕಳೆಯುವಾಗ ಅವಳಿಗೆ ಮದುವೆ ಗೊತ್ತಾಯಿತು. ಹುಡುಗ ಬೊಂಬಾಯಿಯ ಹೋಟೆಲಿನಲ್ಲಿ ಕ್ಯಾಶಿಯರ್. ಮದುವೆಗೆಂದು ಕೆಲಸ ಬಿಡುವ ಹೆಂಗಸರಿಗೆ ಪಿಎಫ್ ಹಣ ಐವತ್ತೈದರವರೆಗೆ ಕಾಯದೆ ಸಿಗುತ್ತಿತ್ತು. ಆ ಫಾರಮ್ಮನ್ನೂ ನಾನೇ ತುಂಬಿದೆ. ಕಾರಣ ಎಂಬಲ್ಲಿ 'ಮದುವೆ' ಎಂದು ಬರೆಯುವಾಗ ನನ್ನ ದುಂಡಗಿನ ಅಕ್ಷರ ಸೊಟ್ಟಗಾಯಿತು.

"ಸಿಟ್ಟಾ?" ಎಂದಳು.

"ಎಂತಕ್ಕೆ ಸಿಟ್ಟು? ಸಂತೋಷ" ಎಂದೆ. ಅಷ್ಟು ದೊಡ್ಡ ಸುಳ್ಳನ್ನು ಮತ್ತೆಂದೂ ಹೇಳಿದ ನೆನಪಿಲ್ಲ.

ಹಣ ಕೈಗೆ ಬಂದ ಮರುದಿನ ಅವಳು, "ಬಾ, ಮೂಡುಬಿದಿರೆಗೆ ಹೋಗುವ. ಮನೆ ನೋಡಿ ಬರುವ" ಎಂದಳು. ತಮಾಷೆ ಎಂದುಕೊಂಡೇ ಬಸ್ಸು ಹತ್ತಿದೆ. ಆದರೆ ಬಸದಿಯ ಬೀದಿಯಲ್ಲಿ ಅವಳು ನಿಜಕ್ಕೂ ಮನೆಮನೆಗೆ ಹೋಗಿ ವಿಚಾರಿಸಿದಳು. ಒಬ್ಬ ಅಜ್ಜಿ ತಮ್ಮ ಮನೆಯ ಹಿಂದಿನ ಎರಡು ಕೋಣೆ ತೋರಿಸಿದರು. ಬಾವಿಯಿತ್ತು. ಲೀಲಾ ನೀರು ಸೇದಿ ಕುಡಿದಳು, ಒಲೆಯ ಹೊಗೆ ಎತ್ತ ಹೋಗುತ್ತದೆ ಎಂದು ಕೇಳಿದಳು, ಬಾಡಿಗೆ ಜಾಸ್ತಿಯಾಯಿತೆಂದು ಚೌಕಾಸಿಯನ್ನೂ ಮಾಡಿದಳು.

"ಯಾವಾಗ ಬರ್ತೀರಿ ಮಕ್ಕಳೇ?" ಅಜ್ಜಿ ಕೇಳಿದರು.

"ಸ್ವಲ್ಪ ತಡ ಆಗ್ತದೆ ಅಜ್ಜಿ" ಎಂದಳು ಲೀಲಾ. ಅಷ್ಟು ಹೊತ್ತು ಗಟ್ಟಿಯಿದ್ದವಳು ಬಾವಿಕಟ್ಟೆ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಅಜ್ಜಿ ಗಾಬರಿಯಾಗಿ ಬಾಡಿಗೆಯಲ್ಲಿ ಐದು ರೂಪಾಯಿ ಇಳಿಸಿದರು.

ಲೀಲಾ ಬೊಂಬಾಯಿಗೆ ಹೋದಳು. ಅಮ್ಮನನ್ನು ನೋಡಿಕೊಳ್ಳುವುದರಲ್ಲಿ ನನ್ನ ಮದುವೆಯ ಮಾತು ಹಿಂದೆ ಬಿತ್ತು. ಬೀಡಿ ಕಟ್ಟುತ್ತಲೇ ಇದ್ದೆ. ಐವತ್ತೈದು ಬಂತು, ಶೀನಪ್ಪಣ್ಣ ಹೇಳಿದಂತೆ ಹಣವೂ ಒಟ್ಟಿಗೆ ಬಂತು. ಆ ದಿನವೇ, ಮೂಡುಬಿದಿರೆಯಲ್ಲಿ ಮನೆ ಮಾಡುವ, ಬಾ ಎಂದು ಲೀಲಾಳಿಗೆ ಕಾಗದ ಹಾಕಿದೆ. ಮೊಮ್ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ, ಈ ವರ್ಷ ಆಗುವುದಿಲ್ಲ ಎಂದು ಬರೆದಳು.

ಅವಳ ಆ 'ಈ ವರ್ಷ' ಎಂಬ ಎರಡು ಮಾತಿನಲ್ಲಿಯೇ ನಾನು ಸದ್ಯ ವಾಸವಾಗಿದ್ದೇನೆ.